ಚಕ್ರದ ಅಳತೆ ಬದಲಾದಾಗ ನಷ್ಟ ಹೊರುವವರು ಯಾರು?

ಒಂದು ಸರಕಿನ ಅಳತೆ ಬದಲಾಗುವುದು ಮೇಲ್ನೋಟಕ್ಕೆ ಕೇವಲ ತಾಂತ್ರಿಕ ಸಂಗತಿಯಾಗಿ ಕಾಣುತ್ತದೆ. ಆದರೆ ಅದನ್ನು ತಯಾರಿಸುವ ಸಣ್ಣ ಉದ್ದಿಮೆದಾರನಿಗೂ ಅಂಗಡಿಯಲ್ಲಿ ದಾಸ್ತಾನಿಟ್ಟು ಮಾರುವ ವರ್ತಕನಿಗೂ ಅದು ಬಂಡವಾಳದ ಪ್ರಶ್ನೆ. ಅಳತೆ ಬದಲಾದ ದಿನದಿಂದ ಹಳೆಯ ಅಚ್ಚು ಲೋಹದ ತುಂಡಾಗುತ್ತದೆ. ಹಳೆಯ ದಾಸ್ತಾನು ರಿಯಾಯಿತಿ ದರದ ಸರಕಾಗುತ್ತದೆ. ಇದಕ್ಕೆ ಸ್ಪಷ್ಟವಾದ ಉದಾಹರಣೆ ಬೇಕಿದ್ದರೆ ಮೌಂಟನ್ ಬೈಕಿನ ಚಕ್ರದ ಇತಿಹಾಸವನ್ನು ನೋಡಬೇಕು. ಗುಡ್ಡಗಾಡಿನ ಕಚ್ಚಾ ದಾರಿಗಳಲ್ಲಿ ಓಡಿಸಲೆಂದು ರೂಪುಗೊಂಡ ಈ ದಪ್ಪ ಟೈರಿನ ಸೈಕಲ್ಲು ಸುಮಾರು ಎರಡು ದಶಕಗಳ ಕಾಲ 26 ಅಂಗುಲದ ಚಕ್ರದ ಮೇಲೆ ನಿಂತಿತ್ತು. ಅನಂತರ 29 ಬಂದಿತು, ಅದರ ಬೆನ್ನಿಗೆ 27.5 ಬಂದಿತು, ಆಮೇಲೆ ಮುಂದೊಂದು ಹಿಂದೊಂದು ಅಳತೆಯ ಮಿಶ್ರ ಚಕ್ರಗಳೂ ಬಂದವು. 2025ರ ವೇಳೆಗೆ 32 ಅಂಗುಲದ ಚಕ್ರದ ಮಾದರಿಗಳೂ ಉದ್ಯಮದ ಪ್ರದರ್ಶನಗಳಲ್ಲಿ ಕಾಣಿಸಿಕೊಂಡಿವೆ. ಮತ್ತೊಂದು ಬದಲಾವಣೆಯ ಸೂಚನೆಗಳಿರುವ ಈ ಹೊತ್ತಿನಲ್ಲಿ, ಹಿಂದಿನ ಬದಲಾವಣೆಗಳ ಲಾಭ ಯಾರಿಗೆ ಸಂದಿತು, ಖರ್ಚು ಯಾರ ಲೆಕ್ಕಕ್ಕೆ ಬಿದ್ದಿತು ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಆಕಸ್ಮಿಕವಾಗಿ ನೆಲೆಗೊಂಡ ಮಾನಕ

26 ಅಂಗುಲದ ಚಕ್ರವನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸಿ ಆರಿಸಿದ್ದಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯ ಯುವಕರು ಮೌಂಟ್ ಟಮಲ್ಪಾಯಿಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಹಳೆಯ ಸೈಕಲ್ಲುಗಳನ್ನು ಇಳಿಜಾರಿಗೆ ಬಿಟ್ಟು ಪಂದ್ಯ ನಡೆಸುತ್ತಿದ್ದರು. ಅವರ ಕೈಗೆ ಅಗ್ಗವಾಗಿ ಸಿಕ್ಕಿದ್ದು ಷ್ವಿನ್ ಸಂಸ್ಥೆಯ ಹಳೆಯ ಸೈಕಲ್ಲುಗಳು. ಆ ಸಂಸ್ಥೆಯು 1933ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಬಲೂನ್ ಟೈರಿನ ಅಳತೆ 26 ಅಂಗುಲವಾಗಿತ್ತು. 1977ರಲ್ಲಿ ಜೋ ಬ್ರೀಜ್ ಈ ಕ್ರೀಡೆಗೆಂದೇ ಹೊಸ ಫ್ರೇಮುಗಳನ್ನು ನಿರ್ಮಿಸತೊಡಗಿದಾಗಲೂ, 1979ರಲ್ಲಿ ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ ತಮ್ಮ ವ್ಯಾಪಾರವನ್ನು ಆರಂಭಿಸಿದಾಗಲೂ ಇದೇ ಅಳತೆ ಮುಂದುವರಿಯಿತು. 1981ರಲ್ಲಿ ಸ್ಪೆಷಲೈಸ್ಡ್ ಸಂಸ್ಥೆಯ ಸ್ಟಂಪ್‌ಜಂಪರ್ ಕಾರ್ಖಾನೆಯಿಂದ ದೊಡ್ಡ ಪ್ರಮಾಣದಲ್ಲಿ ಹೊರಬಂದಾಗ 26 ಗಟ್ಟಿಯಾಗಿ ಬೇರೂರಿತು.

ಬೇರೆ ಅಳತೆಗಳ ಯೋಚನೆಯೇ ಆಗ ಇರಲಿಲ್ಲವೆಂದಲ್ಲ. 1980ರ ದಶಕದ ಆರಂಭದಲ್ಲಿ ಫಿನ್ಲೆಂಡಿನ ನೋಕಿಯಾ ಸಂಸ್ಥೆ, ಅಂದರೆ ಮುಂದೆ ಮೊಬೈಲ್ ದೂರವಾಣಿಯಿಂದ ಮನೆಮಾತಾದ ಅದೇ ಸಂಸ್ಥೆ, ಹಿಮದ ದಾರಿಗೆಂದು ತಯಾರಿಸುತ್ತಿದ್ದ ದೊಡ್ಡ ವ್ಯಾಸದ ಸೈಕಲ್ ಟೈರುಗಳು ಇಂಗ್ಲೆಂಡಿನ ಮಾರ್ಗವಾಗಿ ಕ್ಯಾಲಿಫೋರ್ನಿಯಾದ ಈ ತಯಾರಕರ ಕೈ ಸೇರಿದ್ದವು. ಅವರಿಗೆ ಅವು ಮೆಚ್ಚುಗೆಯಾಗಿದ್ದರೂ ಪೂರೈಕೆ ನಿಯಮಿತವಾಗಿರಲಿಲ್ಲ. ಟೈರಿಲ್ಲದ ಅಳತೆಗೆ ಫ್ರೇಮು ಕಟ್ಟುವವರಿಲ್ಲ. ಫ್ರೇಮಿಲ್ಲದ ಅಳತೆಗೆ ಟೈರು ಎರೆಯುವವರಿಲ್ಲ. ಹೀಗೆ ಒಂದು ಇಡೀ ಉದ್ಯಮದ ಮಾನಕವನ್ನು ನಿರ್ಧರಿಸಿದ್ದು ಗುಣಾವಗುಣಗಳ ತುಲನೆಯಲ್ಲ, ಸರಕಿನ ಲಭ್ಯತೆ. ವ್ಯಾಪಾರದಲ್ಲಿ ತೊಡಗಿರುವವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ.

ಈ ಸ್ಥಿರತೆಯ ಫಲವನ್ನು ಎಲ್ಲರೂ ಉಂಡರು. ರಿಮ್, ಟೈರು, ಟ್ಯೂಬ್, ಕಡ್ಡಿ, ಫೋರ್ಕ್ ಇವುಗಳನ್ನು ತಯಾರಿಸುವ ತೈವಾನಿನ ಘಟಕಗಳು ಒಂದೇ ಅಳತೆಗೆ ಯಂತ್ರಗಳನ್ನು ಹೊಂದಿಸಿಕೊಂಡು ವರ್ಷಗಳ ಕಾಲ ಉತ್ಪಾದನೆ ನಡೆಸಿದವು. ವರ್ತಕನು ಒಂದೇ ಬಗೆಯ ದಾಸ್ತಾನಿನಿಂದ ಎಲ್ಲ ಕಂಪನಿಗಳ ಗ್ರಾಹಕರನ್ನೂ ತೃಪ್ತಿಪಡಿಸಿದನು. ಗ್ರಾಹಕನಿಗೆ ಯಾವ ಊರಿನಲ್ಲಿ ಪಂಕ್ಚರ್ ಆದರೂ ಟ್ಯೂಬ್ ದೊರೆಯುತ್ತಿತ್ತು.

ಯೋಗ್ಯತೆಯಿಂದ ಬಂದ 29

29 ಅಂಗುಲವೆಂದು ಕರೆಯಲಾಗುವ ಚಕ್ರದ ರಿಮ್ಮು ರಸ್ತೆ ಪಂದ್ಯದ ಸೈಕಲ್ಲುಗಳ 700ಸಿ ರಿಮ್ಮಿನ ಅಳತೆಯೇ ಆಗಿದೆ. ದಪ್ಪ ಟೈರು ಏರಿಸಿದಾಗ ಹೊರ ವ್ಯಾಸ 29 ಅಂಗುಲಕ್ಕೆ ಸಮೀಪಿಸುತ್ತದೆ. ದೊಡ್ಡ ಚಕ್ರವು ಕಲ್ಲು, ಬೇರು, ಗುಂಡಿಗಳನ್ನು ಕಡಿಮೆ ಕೋನದಲ್ಲಿ ಎದುರಿಸುವುದರಿಂದ ಸುಲಭವಾಗಿ ಹತ್ತಿ ಇಳಿಯುತ್ತದೆ, ವೇಗವನ್ನು ಉಳಿಸಿಕೊಳ್ಳುತ್ತದೆ. ಪ್ರತಿಯಾಗಿ ತೂಕ ಹೆಚ್ಚು, ತಿರುವುಗಳಲ್ಲಿ ಚುರುಕು ಕಡಿಮೆ, ಕುಳ್ಳಗಿನ ಸವಾರರಿಗೆ ತಕ್ಕ ಫ್ರೇಮು ರೂಪಿಸುವುದು ಕಷ್ಟ. 1999ರಲ್ಲಿ ವೈಲ್ಡರ್ನೆಸ್ ಟ್ರೈಲ್ ಬೈಕ್ಸ್ ಎಂಬ ಅಮೆರಿಕದ ಸಂಸ್ಥೆ ಈ ಅಳತೆಗೆ ನ್ಯಾನೊರ್ಯಾಪ್ಟರ್ ಎಂಬ ದಪ್ಪ ಟೈರನ್ನು ತಂದ ಮೇಲೆ ದಾರಿ ತೆರೆಯಿತು. ಅನಂತರ ಟ್ರೆಕ್ ಸಂಸ್ಥೆಯ ಒಡೆತನದಲ್ಲಿದ್ದ ಗ್ಯಾರಿ ಫಿಷರ್ ಬ್ರಾಂಡು ಇದರ ಪ್ರಮುಖ ಪ್ರತಿಪಾದಕನಾಯಿತು.

ಇಲ್ಲಿ ಗಮನಿಸಬೇಕಾದದ್ದು ಬದಲಾವಣೆಯ ವೇಗ. ಸವಾರರು ಬಹುಕಾಲ ಸಂಶಯಪಟ್ಟರು, ಫೋರ್ಕ್ ತಯಾರಕರು ಹಿಂಜರಿದರು, ವರ್ತಕರು ಒಂದೆರಡು ಸೈಕಲ್ಲುಗಳನ್ನು ತರಿಸಿ ನೋಡಿದರು. ಹತ್ತು ವರ್ಷಗಳಿಗೂ ಹೆಚ್ಚು ಕಾಲ 26 ಮತ್ತು 29 ಜೊತೆಜೊತೆಯಾಗಿ ಮಾರಾಟವಾದವು. ಹಳೆಯ ದಾಸ್ತಾನು ಕರಗಲು, ಹೊಸ ಅಚ್ಚಿನ ಖರ್ಚು ಹುಟ್ಟಲು ಈ ಅವಧಿ ಸಾಕಾಯಿತು. ಗ್ರಾಹಕನು ಬಳಸಿ, ಹೋಲಿಸಿ, ಮೆಚ್ಚಿ ಕೊಂಡಿದ್ದರಿಂದ ಬೆಳೆದ ಮಾನಕವಿದು. ಇಂತಹ ಬದಲಾವಣೆಯ ವಿರುದ್ಧ ಯಾರದೂ ತಕರಾರು ಇರಲಾರದು.

ಅವಸರದಿಂದ ಬಂದ 27.5

27.5ರ ಕಥೆ ಬೇರೆ. ಇದು ಫ್ರಾನ್ಸಿನ ಹಳೆಯ ಪ್ರವಾಸಿ ಸೈಕಲ್ಲುಗಳಲ್ಲಿ 650ಬಿ ಎಂಬ ಹೆಸರಿನಿಂದ ಬಳಕೆಯಲ್ಲಿದ್ದ ಅಳತೆ. 2007ರಲ್ಲಿ ಕರ್ಕ್ ಪಸೆಂಟಿ ಎಂಬ ಅಮೆರಿಕದ ವಿನ್ಯಾಸಕಾರರು ಇದಕ್ಕೆ ಮೌಂಟನ್ ಬೈಕಿನ ಟೈರನ್ನು ಮಾಡಿಸಿ ಪರಿಚಯಿಸಿದರು. ಐದು ವರ್ಷ ಇದು ಕೆಲವೇ ಆಸಕ್ತರ ವಲಯದಲ್ಲಿ ಉಳಿದಿತ್ತು. 2012ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ, 1893ರ ಗಾಂಧೀಜಿಯವರ ರೈಲು ಪ್ರಸಂಗದಿಂದ ಭಾರತೀಯರಿಗೆ ಪರಿಚಿತವಾದ ಅದೇ ಊರಿನಲ್ಲಿ, ಸ್ವಿಟ್ಜರ್ಲೆಂಡಿನ ನಿನೊ ಶುರ್ಟರ್ ಈ ಅಳತೆಯ ಚಕ್ರದ ಮೇಲೆ ವಿಶ್ವಕಪ್ ಪಂದ್ಯವನ್ನು ಗೆದ್ದರು. ಅಲ್ಲಿಂದ ಮುಂದೆ ಪರಿಸ್ಥಿತಿ ಕ್ಷಿಪ್ರವಾಗಿ ಬದಲಾಯಿತು. ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಸಂಸ್ಥೆಗಳಲ್ಲೊಂದಾದ ತೈವಾನಿನ ಜೈಂಟ್, 2014ರ ಮಾದರಿಗಳಿಗಾಗಿ 27.5ನ್ನೇ ಪ್ರಧಾನ ಅಳತೆಯನ್ನಾಗಿ ಘೋಷಿಸಿತು. ಇತರರೂ ಹಿಂಬಾಲಿಸಿದರು. ಎರಡು ಮೂರು ವರ್ಷಗಳೊಳಗೆ ಪ್ರಮುಖ ಕಂಪನಿಗಳ ಮೇಲ್ದರ್ಜೆಯ ಪಟ್ಟಿಗಳಿಂದ 26 ಬಹುಮಟ್ಟಿಗೆ ಕಣ್ಮರೆಯಾಯಿತು.

ಈ ಅವಸರಕ್ಕೆ ತಕ್ಕ ಪ್ರಯೋಜನವಿತ್ತೇ ಎಂಬುದನ್ನು ಅಳತೆಪಟ್ಟಿಯಿಂದಲೇ ನೋಡಬಹುದು. ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ವ್ಯಾಸವು 26ರಲ್ಲಿ 559 ಮಿ.ಮೀ., 27.5ರಲ್ಲಿ 584 ಮಿ.ಮೀ., 29ರಲ್ಲಿ 622 ಮಿ.ಮೀ. ಹೆಸರನ್ನು ನೋಡಿದರೆ 27.5 ಸರಿಯಾಗಿ ನಡುವಿನ ಅಳತೆ. ವಾಸ್ತವದಲ್ಲಿ ಅದು 26ಕ್ಕಿಂತ ಕೇವಲ 25 ಮಿ.ಮೀ. ದೊಡ್ಡದು, 29ಕ್ಕಿಂತ 38 ಮಿ.ಮೀ. ಚಿಕ್ಕದು. ಅಂದರೆ ತ್ರಿಜ್ಯದಲ್ಲಿ ಸಿಗುವ ಹೆಚ್ಚಳ ಹನ್ನೆರಡೂವರೆ ಮಿ.ಮೀ. ಮಾತ್ರ. ಹಳೆಯ ಚಕ್ರಕ್ಕೆ ಇನ್ನಷ್ಟು ದಪ್ಪನೆಯ ಟೈರು ತೊಡಿಸಿದರೆ ಈ ವ್ಯತ್ಯಾಸದ ದೊಡ್ಡ ಪಾಲು ತುಂಬಿಹೋಗುತ್ತದೆ. ಆದರೆ ಇಷ್ಟು ಸಣ್ಣ ಹೆಚ್ಚಳಕ್ಕಾಗಿ ರಿಮ್, ಟೈರು, ಟ್ಯೂಬ್, ಕಡ್ಡಿ, ಫೋರ್ಕ್, ಫ್ರೇಮು ಎಲ್ಲವೂ ಹೊಸದಾಗಬೇಕಾಯಿತು.

ಪಂದ್ಯದ ಸಾಕ್ಷ್ಯವೂ ಜಾಹೀರಾತಿನಷ್ಟು ಖಚಿತವಾಗಿರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ 29ರ ಚಕ್ರದ ಮೇಲೆ ಚಿನ್ನ ಗೆದ್ದರು, 27.5ರ ಶುರ್ಟರ್ ಬೆಳ್ಳಿ ಪಡೆದರು. ಇಬ್ಬರ ನಡುವಿನ ಅಂತರ ಒಂದು ಸೆಕೆಂಡು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಶುರ್ಟರ್ ಸ್ವತಃ 29ಕ್ಕೆ ಬಂದಿದ್ದರು. 27.5ರ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ನಿಂತಿದ್ದ ಜೈಂಟ್ ಕೂಡ 2017ರಲ್ಲಿ ತನ್ನ ಪಂದ್ಯದ ಮಾದರಿಯಾದ ಆಂಥಮ್ ಅನ್ನು 29ರಲ್ಲಿ ತಂದಿತು. ಇಂದು ಗುಡ್ಡಗಾಡಿನ ದೂರದೋಟದ ಸೈಕಲ್ಲುಗಳಲ್ಲಿ 29ರದೇ ಮೇಲುಗೈ. 27.5 ಸಣ್ಣ ಗಾತ್ರದ ಫ್ರೇಮುಗಳಿಗೂ, ಮಿಶ್ರ ಅಳತೆಯ ಸೈಕಲ್ಲುಗಳ ಹಿಂಬದಿಯ ಚಕ್ರಕ್ಕೂ ಹೆಚ್ಚಾಗಿ ಸೀಮಿತವಾಗಿದೆ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2019ರ ಆರಂಭದಿಂದ ಈ ಮಿಶ್ರ ಜೋಡಣೆಗೆ ಪಂದ್ಯಗಳಲ್ಲಿ ಅನುಮತಿ ನೀಡಿದೆ. ಇಡೀ ಮಾರುಕಟ್ಟೆಯನ್ನು ಬದಲಿಸುವುದಾಗಿ ಸಾರಿದ ಅಳತೆಯು ಕೆಲವೇ ವರ್ಷಗಳಲ್ಲಿ ಒಂದು ಮೂಲೆಗೆ ಸರಿಯಿತು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಂಪನಿಗಳ ಪೈಪೋಟಿಯ ಖರ್ಚು ಯಾರ ಮೇಲೆ ಬಿದ್ದಿತೆಂಬುದನ್ನು ಹೇಳಲು ಈ ಗಾದೆಯೇ ಸಾಕು. ದೊಡ್ಡ ಕಂಪನಿಯು ಪ್ರತಿ ವರ್ಷ ಹೊಸ ಮಾದರಿಯನ್ನು ತಂದೇ ತರುತ್ತದೆ. ಅಚ್ಚಿನ ಖರ್ಚನ್ನು ಲಕ್ಷಾಂತರ ಸೈಕಲ್ಲುಗಳ ಮೇಲೆ ಹಂಚುವ ಶಕ್ತಿ ಅದಕ್ಕಿದೆ. ಹೊಸ ಅಳತೆಯು ಅದರ ಪಾಲಿಗೆ ಮಾರಾಟದ ಹೊಸ ನೆಪ. ಹಳೆಯ ಸೈಕಲ್ಲು ಚೆನ್ನಾಗಿಯೇ ಓಡುತ್ತಿದ್ದರೂ ಗ್ರಾಹಕನ ಕಣ್ಣಿಗೆ ಅದು ಹಳತಾಗಿ ಕಾಣುವಂತೆ ಮಾಡಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ವರ್ತಕನ ಸ್ಥಿತಿ ಹಾಗಲ್ಲ. ಅವನು ಹಣ ಕೊಟ್ಟು ತರಿಸಿದ 26ರ ಸೈಕಲ್ಲು, ಕಂಪನಿಯ ಒಂದು ಪ್ರಕಟಣೆಯಿಂದ ಹಿಂದಿನ ತಲೆಮಾರಿನ ಸರಕಾಗುತ್ತದೆ. ಅದನ್ನು ಅವನು ರಿಯಾಯಿತಿಯಲ್ಲಿ ಮಾರಬೇಕು. ಆದರೂ ಆ ಅಳತೆಯ ಟೈರು ಟ್ಯೂಬುಗಳನ್ನು ಹಳೆಯ ಗ್ರಾಹಕರಿಗಾಗಿ ವರ್ಷಗಟ್ಟಲೆ ಇಟ್ಟುಕೊಂಡಿರಬೇಕು. ಒಂದು ಅಳತೆಯಿದ್ದ ಕಡೆ ಮೂರಾದಾಗ ಕಪಾಟು ಮೂರಾಗುತ್ತದೆ. ಗ್ರಾಹಕರ ಸಂಖ್ಯೆ ಮೂರು ಪಟ್ಟಾಗುವುದಿಲ್ಲ. ಹೀಗೆ ಬಂಡವಾಳದ ಸುತ್ತು ನಿಧಾನವಾಗುತ್ತದೆ, ಬಡ್ಡಿ ಏರುತ್ತದೆ.

ಬಿಡಿಭಾಗಗಳ ಸಣ್ಣ ತಯಾರಕನ ಕಷ್ಟ ಇನ್ನೊಂದು ಬಗೆಯದು. 26ರ ಬದಲು 27.5 ಎಂದಾಗ ಕಡ್ಡಿಯ ಉದ್ದ ಸುಮಾರು ಹನ್ನೆರಡು ಮಿ.ಮೀ. ಹೆಚ್ಚಬೇಕು. ಕಡ್ಡಿ ಕತ್ತರಿಸುವವನಿಗೆ ಅದು ಯಂತ್ರದ ಹೊಂದಾಣಿಕೆಯ ಮಾತು. ಆದರೆ ಟೈರು ಎರೆಯುವವನಿಗೆ ಪ್ರತಿ ಅಳತೆಗೂ, ಪ್ರತಿ ವಿನ್ಯಾಸಕ್ಕೂ ಪ್ರತ್ಯೇಕ ಅಚ್ಚು ಬೇಕು. ಎಷ್ಟು ವರ್ಷ ಬಾಳುವುದೆಂದು ತಿಳಿಯದ ಅಳತೆಗೆ ಅಚ್ಚು ಮಾಡಿಸುವುದು ಜೂಜಿಗೆ ಸಮಾನ. ಚಕ್ರದ ಜೊತೆಗೆ ಹಬ್ಬಿನ ಅಗಲವೂ ಬದಲಾಗುತ್ತ ಬಂದುದು ಈ ಅನಿಶ್ಚಿತತೆಯನ್ನು ಇಮ್ಮಡಿಗೊಳಿಸಿತು. ಹಿಂಬದಿಯ ಹಬ್ಬಿನ 135 ಮಿ.ಮೀ. ಅಗಲ 142ಕ್ಕೂ, ಬಳಿಕ ಬೂಸ್ಟ್ ಎಂಬ ಹೆಸರಿನಲ್ಲಿ 148ಕ್ಕೂ ಏರಿತು. ದೊಡ್ಡ ಚಕ್ರಕ್ಕೆ ಬಿಗುವು ಬೇಕೆಂಬುದು ಇದಕ್ಕೆ ಕೊಡಲಾದ ಕಾರಣ. ಕಾರಣದಲ್ಲಿ ಹುರುಳಿದ್ದಿರಬಹುದು, ಆದರೆ ಪ್ರತಿ ಏರಿಕೆಯೂ ಒಂದು ಸಾಲು ಬಿಡಿಭಾಗಗಳನ್ನು ಹಳತಾಗಿಸಿತು.

ಇಂತಹ ದಾಸ್ತಾನಿನ ಅಪಾಯ ಎಷ್ಟು ತೀವ್ರವಾಗಬಲ್ಲದೆಂಬುದು ಈಚೆಗೆ ಮತ್ತೆ ಸಾಬೀತಾಯಿತು. 2020 ಮತ್ತು 2021ರಲ್ಲಿ ಕೋವಿಡ್ ಕಾಲದ ಅನಿರೀಕ್ಷಿತ ಬೇಡಿಕೆಯಿಂದ ಸೈಕಲ್ಲುಗಳು ಸಿಗದಂತಾದವು. ಎಲ್ಲರೂ ಮುಂಗಡವಾಗಿ ಹೆಚ್ಚು ಹೆಚ್ಚು ಸರಕಿಗೆ ಆದೇಶ ನೀಡಿದರು. ಸರಕು ಬಂದು ತಲುಪುವಷ್ಟರಲ್ಲಿ ಬೇಡಿಕೆ ಇಳಿದಿತ್ತು. 2023ರ ವೇಳೆಗೆ ಯುರೋಪು, ಅಮೆರಿಕಗಳ ಗೋದಾಮುಗಳು ತುಂಬಿ, ಭಾರಿ ರಿಯಾಯಿತಿಗಳ ನಡುವೆಯೂ ಹಲವು ಸಂಸ್ಥೆಗಳು ಸಂಕಷ್ಟಕ್ಕೆ ಸಿಲುಕಿದವು. ಆ ಭಾರದ ಮೇಲೆ ಹೊಸ ಅಳತೆಯ ಭಾರವೂ ಸೇರಿದರೆ ತಾಳುವವರು ಯಾರು ಎಂಬ ಪ್ರಶ್ನೆ ಅಪ್ರಸ್ತುತವಲ್ಲ.

ಪ್ರತಿವಾದದ ತೂಕ

ತಯಾರಕರ ಪರವಾಗಿಯೂ ಹೇಳಬೇಕಾದ ಮಾತುಗಳಿವೆ. ಮಾನಕವನ್ನು ಬದಲಿಸಲೇಬಾರದೆಂದಿದ್ದರೆ ಮೌಂಟನ್ ಬೈಕು ಇಂದಿಗೂ 1933ರ ಬಲೂನ್ ಟೈರಿನ ಮೇಲೆಯೇ ಓಡಬೇಕಿತ್ತು. 29ರಿಂದ ಸವಾರನಿಗೆ ನಿಜವಾದ ಲಾಭವಾಗಿದೆ. ರಿಮ್ ಬ್ರೇಕಿನ ಕಾಲದಲ್ಲಿ ಬ್ರೇಕಿನ ಸ್ಥಾನವು ಚಕ್ರದ ಅಳತೆಯನ್ನು ಕಟ್ಟಿಹಾಕಿತ್ತು. ಡಿಸ್ಕ್ ಬ್ರೇಕು ಬಂದ ಮೇಲೆ ಆ ಬಂಧನ ಸಡಿಲವಾದುದರಿಂದ ಹೊಸ ಅಳತೆಗಳ ಪ್ರಯೋಗ ಸಹಜವೂ ಆಗಿತ್ತು. ಅದರಲ್ಲಿ ಕೆಲವು ಸೋಲುವುದು ಅನಿವಾರ್ಯವೆಂಬ ವಾದದಲ್ಲಿ ತಥ್ಯವಿದೆ. ಆದರೆ ಪ್ರಯೋಗ ನಡೆಸುವ ಹಕ್ಕು ಕಂಪನಿಗೂ, ಅದು ಸೋತರೆ ಖರ್ಚು ವರ್ತಕನಿಗೂ ಎಂಬ ಹಂಚಿಕೆಯನ್ನು ನ್ಯಾಯವೆನ್ನಲಾಗದು. ತಕರಾರು ಇರುವುದು ಬದಲಾವಣೆಯ ಬಗ್ಗೆಯಲ್ಲ. ಅದರ ಖರ್ಚನ್ನು ಹಂಚುವ ರೀತಿಯ ಬಗ್ಗೆ.

ಭಾರತದ ಸೈಕಲ್ಲಿನ ಪಾಠ

ಸ್ಥಿರ ಮಾನಕದ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. ಹಾಲಿನ ಕ್ಯಾನು, ತರಕಾರಿ ಬುಟ್ಟಿ, ಶಾಲೆಯ ಚೀಲ ಎಲ್ಲವನ್ನೂ ಹೊತ್ತ ಭಾರತದ ಸಾಂಪ್ರದಾಯಿಕ ಸೈಕಲ್ಲು ತಲೆಮಾರುಗಳಿಂದ 28 × 1½ ಅಳತೆಯ ಚಕ್ರದ ಮೇಲೆ ಓಡುತ್ತಿದೆ. ಅದರ ರಿಮ್ಮಿನ ವ್ಯಾಸ 635 ಮಿ.ಮೀ. ಅಂದರೆ ಹಳ್ಳಿಯ ಸೈಕಲ್ಲಿನ 28ರ ರಿಮ್ಮು ಇಂದಿನ 29ರ ರಿಮ್ಮಿಗಿಂತ 13 ಮಿ.ಮೀ. ದೊಡ್ಡದು! ಅಳತೆಯ ಹೆಸರುಗಳು ಎಷ್ಟು ದಾರಿ ತಪ್ಪಿಸಬಲ್ಲವೆಂಬುದಕ್ಕೆ ಇದು ನಿದರ್ಶನ. ಈ ಒಂದು ಅಳತೆಯ ಸ್ಥಿರತೆಯ ನೆರಳಿನಲ್ಲಿಯೇ ಲೂಧಿಯಾನಾದ ರಿಮ್, ಕಡ್ಡಿ, ಮಡ್‌ಗಾರ್ಡ್, ಫ್ರೀವೀಲ್ ತಯಾರಿಸುವ ಸಣ್ಣ ಘಟಕಗಳು ಬೆಳೆದವು. ಯಾವ ಕಂಪನಿಯ ಸೈಕಲ್ಲೇ ಆಗಿರಲಿ, ಹೋಬಳಿ ಮಟ್ಟದ ಸೈಕಲ್ ಷಾಪಿನಲ್ಲಿಯೂ ಅದರ ಟೈರು ಟ್ಯೂಬು ದೊರೆಯುವಂತಾಯಿತು.

ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸೈಕಲ್ ಅಂಗಡಿಗಳಲ್ಲಿ ಗೇರ್ ಸೈಕಲ್ಲುಗಳ ಸಾಲು ಬೆಳೆದಿದೆ. ಅಲ್ಲಿ 26, 27.5, 29 ಮೂರೂ ಏಕಕಾಲದಲ್ಲಿ ಮಾರಾಟದಲ್ಲಿವೆ. ಅಮೆರಿಕದ ಮೇಲ್ದರ್ಜೆಯ ಮಾರುಕಟ್ಟೆಯಿಂದ ಮರೆಯಾದ 26 ಇಲ್ಲಿ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಇನ್ನೂ ಜೀವಂತವಾಗಿದೆ. ಹೊರಗಿನ ಮಾರುಕಟ್ಟೆಯ ಬದಲಾವಣೆ ಇಲ್ಲಿಗೆ ತಡವಾಗಿ ತಲುಪುತ್ತದೆಂಬುದು ಸ್ಥಳೀಯ ವರ್ತಕನಿಗೆ ಒಂದು ಅನುಕೂಲ. ಎಚ್ಚರವಿದ್ದವನಿಗೆ ಮುನ್ಸೂಚನೆಯ ಕಾಲ ಸಿಗುತ್ತದೆ.

ಮಾಡಬಹುದಾದ ಕೆಲಸಗಳು

ಮೊದಲನೆಯದಾಗಿ, ಸರಕನ್ನು ಕೊಳ್ಳುವಾಗಲೂ ಮಾರುವಾಗಲೂ ಅಂಗುಲದ ಹೆಸರನ್ನು ನಂಬದೆ ಮಿ.ಮೀ. ಅಳತೆಯನ್ನು ನಮೂದಿಸುವ ಪದ್ಧತಿ ಬರಬೇಕು. 26 ಎಂಬ ಒಂದೇ ಹೆಸರಿನಡಿ 26 × 1.75 ಎಂದರೆ 559 ಮಿ.ಮೀ., 26 × 1⅜ ಎಂದರೆ 590 ಮಿ.ಮೀ., 26 × 1½ ಎಂದರೆ 584 ಮಿ.ಮೀ. ಹೊಸದೆಂದು ಮಾರಲಾದ 27.5 ವಾಸ್ತವದಲ್ಲಿ ಹಳೆಯ 26 × 1½ರ ಅಳತೆಯೇ ಆಗಿದೆ! ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 5775 ಸೂಚಿಸುವ ಪದ್ಧತಿಯಲ್ಲಿ ಟೈರಿನ ಅಗಲ ಮತ್ತು ರಿಮ್ಮಿನ ವ್ಯಾಸ ಎರಡೂ ಮಿ.ಮೀ.ನಲ್ಲಿ ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುತ್ತವೆ. ಖರೀದಿ ಆದೇಶದಲ್ಲಿಯೂ ಬಿಲ್ಲಿನಲ್ಲಿಯೂ ಆ ಸಂಖ್ಯೆಯನ್ನು ಬರೆದರೆ ತಪ್ಪು ಸರಕು ಬರುವುದು ತಪ್ಪುತ್ತದೆ. ವಿವಾದ ಬಂದಾಗ ದಾಖಲೆಯೂ ಇರುತ್ತದೆ.

ಎರಡನೆಯದಾಗಿ, ಕಂಪನಿಯೊಡನೆ ಮಾಡಿಕೊಳ್ಳುವ ಮಾರಾಟ ಒಪ್ಪಂದದಲ್ಲಿ ಮೂರು ಷರತ್ತುಗಳಿಗೆ ವರ್ತಕರು ಒತ್ತಾಯಿಸಬೇಕು: ಅಳತೆ ಬದಲಾವಣೆಗೆ ಮುನ್ನ ನಿಗದಿತ ಅವಧಿಯ ತಿಳಿವಳಿಕೆ ಪತ್ರ, ಆ ಅವಧಿಯೊಳಗೆ ಖರೀದಿಸಿದ ಹಳೆಯ ಸರಕಿಗೆ ಬೆಲೆ ವ್ಯತ್ಯಾಸದ ಭರ್ತಿ, ಮತ್ತು ಮಾದರಿ ನಿಂತ ಮೇಲೂ ನಿಶ್ಚಿತ ವರ್ಷಗಳವರೆಗೆ ಬಿಡಿಭಾಗಗಳ ಪೂರೈಕೆ. ಒಬ್ಬ ವರ್ತಕ ಕೇಳಿದರೆ ಕಂಪನಿ ಕಿವಿಗೊಡದಿರಬಹುದು. ವರ್ತಕರ ಸಂಘದ ಮೂಲಕ ಒಂದೇ ನಮೂನೆಯ ಕರಾರು ಮುಂದಿಟ್ಟರೆ ಚರ್ಚೆಗೆ ಬಾರದೆ ಗತಿಯಿಲ್ಲ.

ಮೂರನೆಯದಾಗಿ, ಸಣ್ಣ ತಯಾರಕರು ತಮ್ಮ ಉತ್ಪನ್ನಗಳನ್ನು ಚಕ್ರದ ಅಳತೆಗೆ ಕಟ್ಟುಬಿದ್ದವು ಮತ್ತು ಕಟ್ಟುಬೀಳದವು ಎಂದು ವಿಂಗಡಿಸಿ ನೋಡುವುದು ಒಳ್ಳೆಯದು. ಪೆಡಲು, ಸೀಟು, ಹ್ಯಾಂಡಲ್ ಹಿಡಿ, ಬೆಲ್ಲು, ಸರಪಳಿ ಇವುಗಳಿಗೆ ಚಕ್ರ ಬದಲಾದರೂ ಮಾರುಕಟ್ಟೆ ಉಳಿಯುತ್ತದೆ. ರಿಮ್ಮು, ಟೈರು, ಫೋರ್ಕುಗಳಿಗೆ ಉಳಿಯುವುದಿಲ್ಲ. ಸಾಲ ಮಾಡಿ ಅಚ್ಚು ಮಾಡಿಸುವ ಮುನ್ನ ಈ ಅಂತರ ಗಮನದಲ್ಲಿರಬೇಕು. ಅಳತೆಗೆ ಕಟ್ಟುಬಿದ್ದ ಭಾಗವನ್ನು ಒಂದೇ ಕಂಪನಿಗೆ ಪೂರೈಸುವುದಾದರೆ ಅಚ್ಚಿನ ಖರ್ಚಿನ ಒಂದು ಪಾಲನ್ನು ಆ ಕಂಪನಿಯೇ ಮುಂಗಡವಾಗಿ ಭರಿಸಬೇಕೆಂದು ಕೇಳುವುದು ತಪ್ಪಲ್ಲ.

ನಾಲ್ಕನೆಯದಾಗಿ, ಮಾನಕಗಳು ರೂಪುಗೊಳ್ಳುವ ಕಡೆ ಸಣ್ಣ ಉದ್ದಿಮೆಯ ದನಿ ಇರಬೇಕು. ತೈವಾನಿನಲ್ಲಿ ಜೈಂಟ್ ಮತ್ತು ಮೆರಿಡಾ ಸಂಸ್ಥೆಗಳು 2003ರಲ್ಲಿ ಬಿಡಿಭಾಗ ತಯಾರಕರನ್ನೂ ಸೇರಿಸಿಕೊಂಡು ಎ-ಟೀಮ್ ಎಂಬ ಕೂಟವನ್ನು ರಚಿಸಿದ್ದವು. 2016ರವರೆಗೆ ನಡೆದ ಆ ಕೂಟವು ಪ್ರತಿಸ್ಪರ್ಧಿಗಳೂ ಪೂರೈಕೆದಾರರೂ ಒಂದೇ ಮೇಜಿನ ಸುತ್ತ ಕೂರಲು ಸಾಧ್ಯವೆಂಬುದನ್ನು ತೋರಿಸಿತು. ಭಾರತದಲ್ಲಿ ಭಾರತೀಯ ಮಾನಕ ಬ್ಯೂರೋ ತನ್ನ ಕರಡು ಮಾನಕಗಳನ್ನು ಅಭಿಪ್ರಾಯಕ್ಕಾಗಿ ಪ್ರಕಟಿಸುತ್ತದೆ. ಅವುಗಳಿಗೆ ಉತ್ತರ ಬರೆಯುವ ಅವಕಾಶ ಯಾರಿಗೂ ಮುಚ್ಚಿಲ್ಲ. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆಂದೇ ಸಿಬ್ಬಂದಿಯಿರುತ್ತಾರೆ; ಸಣ್ಣ ಘಟಕದ ಮಾಲೀಕನಿಗೆ ಅಷ್ಟು ಪುರುಸೊತ್ತಿಲ್ಲ. ಆದುದರಿಂದ ಕರಡುಗಳನ್ನು ಸಂಗ್ರಹಿಸಿ, ಸಂಬಂಧಪಟ್ಟ ಸದಸ್ಯರಿಗೆ ಸರಳ ಕನ್ನಡದಲ್ಲಿ ತಿಳಿಸಿ, ಅವರ ಅಭಿಪ್ರಾಯವನ್ನು ಒಟ್ಟುಗೂಡಿಸಿ ಕಳುಹಿಸುವ ಹೊಣೆಯನ್ನು ವಾಣಿಜ್ಯ ಮಂಡಳಿಗಳು ವಹಿಸಿಕೊಳ್ಳುವುದು ಉಚಿತ.

ಈ ಮಾತು ಸೈಕಲ್ಲಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪೀಣ್ಯದ ಯಂತ್ರಾಗಾರವಾಗಲಿ, ಬೆಳಗಾವಿಯ ಎರಕದ ಕಾರ್ಖಾನೆಯಾಗಲಿ, ಅನ್ಯರ ನಕ್ಷೆಯ ಪ್ರಕಾರ ಭಾಗಗಳನ್ನು ತಯಾರಿಸುವ ಪ್ರತಿಯೊಂದು ಘಟಕವೂ ಒಂದು ದಿನ ನಕ್ಷೆ ಬದಲಾಗುವ ಅಪಾಯವನ್ನು ಹೊತ್ತೇ ಇರುತ್ತದೆ. 26ರಿಂದ 29ಕ್ಕೆ ಆದ ಬದಲಾವಣೆ ಗ್ರಾಹಕನ ಮೆಚ್ಚುಗೆಯಿಂದ ನಿಧಾನವಾಗಿ ಬಂದುದರಿಂದ ಎಲ್ಲರೂ ಹೊಂದಿಕೊಂಡರು. 27.5 ಮೇಲಿನಿಂದ ಅವಸರವಾಗಿ ಇಳಿದುದರಿಂದ ಕೆಳಗಿನವರು ನಷ್ಟ ಅನುಭವಿಸಿದರು. 32 ಅಂಗುಲದ ಚಕ್ರವು ಇವೆರಡರಲ್ಲಿ ಯಾವ ದಾರಿ ಹಿಡಿಯುವುದೆಂಬುದು ಇನ್ನೂ ನಿರ್ಧಾರವಾಗಿಲ್ಲ. ಅದು ನಿರ್ಧಾರವಾಗುವ ಮುನ್ನವೇ ಕರಾರುಗಳನ್ನು ತಿದ್ದಿಕೊಳ್ಳುವುದು ಜಾಣತನ. ಗೋದಾಮು ತುಂಬಿದ ಮೇಲೆ ಮಾಡುವ ಮನವಿಗಳಿಗೆ ಬೆಲೆ ಕಡಿಮೆ.